ನಿಮ್ಮ ಲೇಖನ ನಾಲ್ಕನೇ ಪುಟದಿಂದ ಶುರುವಾಗಲಿ

ಪ್ರೀತಿಯ ಗೆಳೆಯರೇ,

ಮೇಲ್ಛಾವಣಿ ತೆರೆಯುವ ಹಳೆಯ ಮಾಜ್ದಾ ಎಂಎಕ್ಸ್-5 ಕಾರಿಗೆ ರೇಸಿಂಗ್ ಸೀಟು ಕೂರಿಸಿದ ಬಗ್ಗೆ ನೀವು ಕ್ಯಾಲಿಫೋರ್ನಿಯಾದಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ. ಕಾರಿನಡಿ ಅಂಗಾತ ಮಲಗಿ ತಾವೇ ಬೋಲ್ಟು ಬಿಗಿದು, ಅದನ್ನು ಕನ್ನಡದಲ್ಲಿ ಬರೆದು ಕಳಿಸಿದವರು ನನಗೆ ಇದುವರೆಗೆ ಸಿಕ್ಕಿರಲಿಲ್ಲ. ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ಚಕ್ರ ಹುಟ್ಟಿದ್ದು, ಮನುಷ್ಯನಿಗೆ ವೇಗದ ಮೋಹ ಹತ್ತಿದ್ದು, ಇವನ್ನೆಲ್ಲ ಯಾರು ಬೇಕಾದರೂ ಬರೆದಾರು. ನಾಲ್ಕನೇ ಪುಟ ನಿಮ್ಮೊಬ್ಬರದೇ. ತಪಾಸಣೆಯವರು ಸೀಟಿನ ಹಿಂದೆ ಕಮಾನಿನಂತೆ ನಿಲ್ಲುವ ರೋಲ್ ಬಾರಿನ ನೆತ್ತಿಯಿಂದ ಮುಂದಿನ ಗಾಜಿನ ಚೌಕಟ್ಟಿಗೆ ಒಂದು ಪೊರಕೆ ಕೋಲು ಅಡ್ಡ ಇಡುತ್ತಾರೆ, ಅದು ನಿಮ್ಮ ಹೆಲ್ಮೆಟ್ಟಿಗೆ ತಾಗುತ್ತದೆ, ಆ ದಿನ ನಿಮ್ಮನ್ನು ಟ್ರ್ಯಾಕಿಗೆ ಬಿಡುವುದಿಲ್ಲ. ಲೇಖನ ಅಲ್ಲಿಂದಲೇ ಶುರುವಾಗಲಿ. ಕಾರು ಮಗುಚಿದರೆ ಆ ಕೋಲು ಇದ್ದ ಗೆರೆಗೇ ನೆಲ ಬರುತ್ತದೆ. ಇಷ್ಟು ಹೇಳಿದರೆ ಸಾಕು, ಸೀಟು ಯಾಕೆ ತಗ್ಗಬೇಕೆಂದು ರೇಸನ್ನೇ ನೋಡದವರಿಗೂ ಗೊತ್ತಾಗುತ್ತದೆ. ನೀವೋ ಅದಕ್ಕೆ ಗುರುತ್ವ ಕೇಂದ್ರದ ಬಗ್ಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಅದೂ ನಿಜವೇ, ಆದರೆ ನಿಮ್ಮನ್ನು ಗ್ಯಾರೇಜಿಗೆ ಓಡಿಸಿದ್ದು ಅದಲ್ಲವಲ್ಲ.

ಭಾಷೆಯ ಮಾತು. ‘ಆಸನ ಸ್ಥಾಪನಾ ಪ್ರಕ್ರಿಯೆಯನ್ನು ಕೈಗೊಳ್ಳಲಾಯಿತು’ ಎಂದು ಬರೆದಿದ್ದೀರಿ. ಕೈಗೊಂಡವರು ಯಾರು? ‘ಸೀಟು ಕೂರಿಸಿದೆ’ ಅನ್ನಿ. ಸೀಟನ್ನು ಹಿಂದೆ ಮುಂದೆ ಸರಿಸುವ ಸ್ಲೈಡರ್ ಕಳಚಿದೆ, ಪಕ್ಕದ ಬ್ರಾಕೆಟ್ಟಿಗೆ ಸೀಟನ್ನು ನೇರವಾಗಿ ಬಿಗಿದೆ, ಇಷ್ಟು ತಗ್ಗಿತು. ಎಷ್ಟು ತಗ್ಗಿತೆಂಬ ಅಳತೆ ಇಡೀ ಲೇಖನದಲ್ಲಿ ಎಲ್ಲೂ ಇಲ್ಲ. ಓದುಗ ಮೊದಲು ಕೇಳುವುದೇ ಅದನ್ನು.

ಈಗ ನನಗೆ ನಿಜಕ್ಕೂ ಭಯ ಹುಟ್ಟಿಸಿದ ಸಾಲಿಗೆ ಬರುತ್ತೇನೆ. ‘ಕಾರಿನ ನೆಲಕ್ಕೆ ರಂಧ್ರ ಕೊರೆದು, ಅಡಿಯಿಂದ ದೊಡ್ಡ ವಾಷರ್ ಹಾಕಿದರೆ ಸಾಕು.’ ಸಾಲದು. ಕಂಪನಿಯವರು ಕೊಟ್ಟಿದ್ದ ಆಧಾರವನ್ನು ಕತ್ತರಿಸಿ ತೆಗೆದ ಮೇಲೆ ಅಲ್ಲಿ ಉಳಿಯುವುದು ತೆಳು ತಗಡು. ಹಿಂದಿನಿಂದ ಯಾರಾದರೂ ಗುದ್ದಿದರೆ ನಿಮ್ಮ ಮೈಭಾರವೆಲ್ಲ ಸೀಟಿನ ಬೆನ್ನಿಗೆ ಬಿದ್ದು, ಸೀಟು ಹಿಡಿದ ನಾಲ್ಕು ಬೋಲ್ಟುಗಳನ್ನು ಕಿತ್ತೆಳೆಯುತ್ತದೆ. ಬೋಲ್ಟು ಗಟ್ಟಿಯಾಗಿಯೇ ಇರುತ್ತದೆ, ತಗಡು ಹರಿಯುತ್ತದೆ. ಮೋಟಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ನಿಯಮ ಕೇಳುವುದು ಕನಿಷ್ಠ ನಾಲ್ಕು ಕಡೆ 8 ಮಿ.ಮೀ. ಬೋಲ್ಟು, ಪ್ರತಿಯೊಂದರ ಅಡಿಗೂ 3 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ, ಆ ಪಟ್ಟಿ ನೆಲಕ್ಕೆ ಅಂಟುವ ಜಾಗ 40 ಚದರ ಸೆಂ.ಮೀ. ನೀವು ಹಾಕಿದ 25 ಮಿ.ಮೀ. ಅಗಲದ ವಾಷರಿನದು ಐದು ಚದರ ಸೆಂ.ಮೀ. ಕೂಡ ಆಗುವುದಿಲ್ಲ. ಎಂಟರಲ್ಲಿ ಒಂದು ಪಾಲು. ಈ ಲೆಕ್ಕವನ್ನು ಲೇಖನದಲ್ಲೇ ಮಾಡಿ ತೋರಿಸಿ. ನಿಮ್ಮ ಸಾಲನ್ನು ನಂಬಿ ಒಬ್ಬ ಹುಡುಗ ತನ್ನ ಕಾರಿಗೆ ಹಾಗೇ ಮಾಡಿಕೊಂಡರೆ ಅದಕ್ಕೆ ನೀವೂ ಹೊಣೆ, ನಾನೂ ಹೊಣೆ.

ನಿಮಗೆ ಇದು ಗೊತ್ತಿಲ್ಲವೆಂದಲ್ಲ. ಲೇಖನದ ಜೊತೆಗಿದ್ದ ಪತ್ರದಲ್ಲಿ ನೀವೇ ಬರೆದಿದ್ದೀರಿ: ಲಗುನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಿ ಬಂದು ನೋಡಿದರೆ ವಾಷರಿನ ಸುತ್ತ ನೆಲ ತಟ್ಟೆಯ ಹಾಗೆ ತಗ್ಗಿತ್ತು, ಬಣ್ಣ ಉಂಗುರದ ಆಕಾರದಲ್ಲಿ ಬಿರಿದಿತ್ತು, ಆ ರಾತ್ರಿ ನಿದ್ದೆ ಬರಲಿಲ್ಲ. ಅಪಘಾತವೇನೂ ಆಗಿರಲಿಲ್ಲ. ಅಲ್ಲಿನ ಕಾರ್ಕ್‌ಸ್ಕ್ರೂ ಎಂಬ ತಿರುವಿನಲ್ಲಿ ಎಡಕ್ಕೆ ತಿರುಗಿ, ಬಲಕ್ಕೆ ಹೊರಳಿ, ಸುಮಾರು 18 ಮೀಟರ್ ಕೆಳಕ್ಕೆ ಇಳಿದದ್ದಷ್ಟೆ. ಲೇಖನದಲ್ಲಿ ಇದು ‘ಮೊದಲ ಪ್ರಯತ್ನ ತೃಪ್ತಿಕರವಾಗಿರಲಿಲ್ಲ’ ಎಂದು ಒಂದೇ ಸಾಲಾಗಿದೆ! ಯಾಕೆ ಬಚ್ಚಿಟ್ಟಿರಿ? ನಾಚಿಕೆಯಿಂದ ಇರಬಹುದು. ನನಗೆ ನಿಮ್ಮ ಮೇಲೆ ನಂಬಿಕೆ ಬಂದದ್ದೇ ಆ ಪತ್ರದಿಂದ. ಇಡೀ ಲೇಖನ ಆ ಬಿರಿದ ಬಣ್ಣದ ಉಂಗುರದ ಸುತ್ತ ನಿಲ್ಲಬೇಕು. ಅದನ್ನು ಕಂಡ ಮೇಲೆ ಪಟ್ಟಿ ಕತ್ತರಿಸಿ ಹಾಕಿದಿರಲ್ಲ, ಆ ಕೆಲಸವನ್ನು ನಿಧಾನವಾಗಿ ಬರೆಯಿರಿ. ಪಟ್ಟಿಯ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದಿರೇ? ಮಾಡಿದ್ದರೆ ಯಾಕೆಂದೂ ಹೇಳಿ. ಚೂಪು ಮೂಲೆ ತಗಡನ್ನು ಸೀಳುತ್ತದೆ.

ಒಂದು ವಿಷಯ ಪೂರ್ತಿ ಬಿಟ್ಟುಹೋಗಿದೆ. ಸೀಟು ತಗ್ಗಿದರೆ ಸೊಂಟ ತಗ್ಗುತ್ತದೆ, ಆದರೆ ಬೆಲ್ಟಿನ ಕೊಂಡಿ ನೆಲದಲ್ಲಿ ಇದ್ದಲ್ಲೇ ಇರುತ್ತದೆ. ಸೊಂಟದ ಬೆಲ್ಟಿನ ಓರೆ ಕಡಿಮೆಯಾಗಿ ಅದು ಹೊಟ್ಟೆಯ ಕಡೆಗೆ ಏರಬಹುದು. ಬೆಲ್ಟು ಕೂರಬೇಕಾದ್ದು ಸೊಂಟದ ಮೂಳೆಯ ಮೇಲೆ. ನೀವು ಬೆಲ್ಟನ್ನು ಮತ್ತೆ ಹೊಂದಿಸಿದಿರೋ ಇಲ್ಲವೋ? ಹೊಂದಿಸಿದ್ದರೆ ಬರೆಯಿರಿ. ಇಲ್ಲದಿದ್ದರೆ ಬರೆಯುವ ಮೊದಲು ಹೋಗಿ ಹೊಂದಿಸಿ ಬನ್ನಿ. ಸೀಟು ಸೆಕೆಂಡ್ ಹ್ಯಾಂಡ್ ಎಂದಿದ್ದೀರಿ, ಅದರ ಚೀಟಿಯಲ್ಲಿರುವ ವರ್ಷವನ್ನೂ ನೋಡಿ. ಎಫ್‌ಐಎ 8855-1999 ಎಂಬ ಸೀಟಿನ ಮಾನದಂಡದ್ದಾದರೆ ತಯಾರಾದ ವರ್ಷದಿಂದ ಐದು ವರ್ಷಕ್ಕೆ ಅದರ ಮಾನ್ಯತೆ ಮುಗಿಯುತ್ತದೆ.

ಹದಿನಾಲ್ಕು ಪುಟ ಆರಾಗಲಿ. ಆ ಹಳೆಯ ವಾಷರ್ ಇನ್ನೂ ನಿಮ್ಮ ಬಳಿ ಇದ್ದರೆ, ಹೊಸ ಪಟ್ಟಿಯ ಪಕ್ಕದಲ್ಲಿಟ್ಟು ಒಂದು ಫೋಟೊ ತೆಗೆದು ಕಳಿಸಿ. ಅದನ್ನು ಮೊದಲ ಪುಟದಲ್ಲೇ ಹಾಕುತ್ತೇನೆ.

ವಿಶ್ವಾಸದಿಂದ,
ಸಂಪಾದಕ