ದಾಸವಾಳದೊಳಗೆ ಕೂಗುವುದು ಟುವ್ವಿ

ನಮಸ್ಕಾರ. ಹಿತ್ತಲ ದಾಸವಾಳದೊಳಗಿಂದ ದಿನಾ ಬೆಳಿಗ್ಗೆ ಏನೋ ಜೋರಾಗಿ 'ಟುವ್ವಿ ಟುವ್ವಿ' ಅನ್ನುತ್ತೆ, ಹತ್ತಿರ ಹೋದರೆ ಕಾಣೋದಿಲ್ಲ, ಎರಡು ಎಲೆ ಅಂಟಿಕೊಂಡಿವೆ, ಬಿಡಿಸಿ ನೋಡಲೇ ಅಂತ ಕೇಳಿದ್ದೀರಿ.

ದಯವಿಟ್ಟು ಬಿಡಿಸಬೇಡಿ! ಅದು ಟುವ್ವಿ ಹಕ್ಕಿಯ ಗೂಡೇ ಇರಬೇಕು. ಹೆಣ್ಣು ಹಕ್ಕಿ ಕೊಕ್ಕಿನಿಂದ ಎಲೆಯ ಅಂಚಿಗೆ ಸಣ್ಣ ಸಣ್ಣ ತೂತು ಮಾಡಿ, ಜೇಡರ ನೂಲನ್ನೋ ಗಿಡದ ನಾರನ್ನೋ ತೂರಿಸಿ ಹೊಲಿಯುತ್ತೆ. ಎಲೆ ಗಿಡದಲ್ಲೇ ಹಸಿರಾಗಿ ಉಳಿಯುವುದರಿಂದ ಗೂಡು ಯಾರ ಕಣ್ಣಿಗೂ ಬೀಳೋದಿಲ್ಲ. ಒಳಗೆ ಹತ್ತಿಯ ಮೆತ್ತೆ. ಮೊಟ್ಟೆ ಒಡೆಯೋಕೆ ಸುಮಾರು 12 ದಿನ ಬೇಕು, ಮರಿ ಹಾರೋಕೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ದಿನ. ಅಲ್ಲಿಯವರೆಗೆ ಆ ಗಿಡಕ್ಕೆ ಕತ್ತರಿ ಹಾಕಬೇಡಿ, ಔಷಧಿಯನ್ನೂ ಹೊಡೆಯಬೇಡಿ.

ನೋಡಬೇಕಾದರೆ ಹತ್ತು ಹೆಜ್ಜೆ ದೂರದಲ್ಲಿ, ಬೆಳಿಗ್ಗೆ ಬಿಸಿಲು ಏರುವ ಮೊದಲು, ಅಲುಗಾಡದೆ ಅರ್ಧ ಗಂಟೆ ಕೂತುಬಿಡಿ. ದನಿ ಕೇಳಿ ದೊಡ್ಡ ಹಕ್ಕಿಯನ್ನು ಹುಡುಕಿದರೆ ಸಿಗೋದಿಲ್ಲ. ಇದು ಬಾಲವೂ ಸೇರಿ 13 ಸೆಂ.ಮೀ., ಗುಬ್ಬಚ್ಚಿಗಿಂತ ಚಿಕ್ಕದು. ಎಲೆ ಅಲ್ಲಾಡುವ ಕಡೆ ಕಣ್ಣಿಡಿ. ನೆತ್ತಿ ಇಟ್ಟಿಗೆ ಬಣ್ಣ, ಬೆನ್ನು ಪಾಚಿಹಸಿರು, ಹೊಟ್ಟೆ ಮಾಸಲು ಬಿಳಿ, ಬಾಲ ಸೆಟೆದು ನಿಂತಿರುತ್ತೆ. ಕೂಗುವಾಗ ಕತ್ತಿನ ಪಕ್ಕ ಕಪ್ಪು ಪಟ್ಟೆ ಮಿಂಚಿ ಮರೆಯಾಗುತ್ತೆ. ಅದು ಗರಿಯ ಬಣ್ಣವಲ್ಲ, ಗಂಟಲು ಉಬ್ಬಿದಾಗ ಗರಿಗಳ ನಡುವೆ ಕಾಣುವ ಚರ್ಮ. ನನಗಂತೂ ಅದನ್ನು ನೋಡುವುದೇ ದೊಡ್ಡ ಖುಷಿ.

ಪೊದೆಯೊಳಗೆ ಬೂದುಬಣ್ಣದ ಉಲಿಯಕ್ಕಿ ಅನ್ನೋ ಇನ್ನೊಂದು ಪುಟ್ಟ ಹಕ್ಕಿಯೂ ಬರಬಹುದು. ಅದರ ನೆತ್ತಿ ಕೆಂಪಲ್ಲ, ಅಷ್ಟು ನೋಡಿದರೆ ಸಾಕು. ಮರಿಗಳು ಹಾರಿದ ಮೇಲೆ ಗೂಡಿನ ಫೋಟೋ ಹಾಕಿ, ಹೊಲಿಗೆಯನ್ನು ನೋಡುವ ಆಸೆ ನನಗೂ ಇದೆ.