ಅಂಬಾಸಡರ್ ಹೆಡ್‌ಗೆ ದೊಡ್ಡ ವಾಲ್ವ್ ಹಾಕಿಸಬೇಕಾ?

ಪ್ರಶ್ನೆ: ನಮ್ಮ ತಂದೆಯವರ 1982ರ ಅಂಬಾಸಡರ್ ಇದೆ, 1489 ಸಿ.ಸಿ. ಪೆಟ್ರೋಲ್ ಎಂಜಿನ್. ಒಂದು ಸಿಲಿಂಡರ್‌ನಲ್ಲಿ ಕಂಪ್ರೆಷನ್ ಇಲ್ಲ ಅಂತ ಹೆಡ್ (ಎಂಜಿನ್‌ನ ಮೇಲ್ಭಾಗ) ಬಿಚ್ಚಿಸಿದೆ. ವಾಲ್ವ್‌ಗಳು ಸೀಟ್‌ನೊಳಗೆ, ಅಂದರೆ ತಾವು ಕೂರುವ ಅಂಚಿನೊಳಗೆ, ಇಳಿದುಬಿಟ್ಟಿವೆ. "ಹೇಗೂ ಹೆಡ್ ಕೆಲಸ ಮಾಡಿಸ್ತಿದ್ದೀರಿ, ಎಂಟೂ ವಾಲ್ವ್ ದೊಡ್ಡದು ಹಾಕೋಣ, ಪಿಕಪ್ ಜಾಸ್ತಿ ಆಗುತ್ತೆ" ಎನ್ನುತ್ತಾರೆ ಲೇತ್ ಅಂಗಡಿಯವರು. ಎಂಜಿಬಿ ಕಾರಿನ ವಾಲ್ವ್ ಇದಕ್ಕೆ ಕೂರುತ್ತದೆ ಎಂದು ಗೆಳೆಯನ ಸಲಹೆ. ಯಾವ ಅಳತೆ ಸರಿ?
– ಒಬ್ಬ ಓದುಗರು, ಹಾಸನ

ಉತ್ತರ: ಲೇತ್‌ನವರ ಮಾತಲ್ಲಿ ಅರ್ಧ ಸತ್ಯ ಇದೆ. ಗಾಳಿ-ಪೆಟ್ರೋಲ್ ಒಳಗೆ ಬಿಡುವ ಇನ್‌ಲೆಟ್ ವಾಲ್ವ್ ಸ್ವಲ್ಪ ದೊಡ್ಡದಾಗಬಹುದು. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಮಾತ್ರ ಈಗಿರುವ ಅಳತೆಯಲ್ಲೇ ಇರಲಿ. ಮತ್ತೆ, ಇದನ್ನು ಪಿಕಪ್‌ಗಾಗಿ ಮಾಡಿಸುತ್ತಿಲ್ಲ, ಸೀಟ್ ಉಳಿಸಿಕೊಳ್ಳಲು ಮಾಡಿಸುತ್ತಿದ್ದೀರಿ ಅನ್ನುವುದು ನೆನಪಿರಲಿ.

ಗೆಳೆಯರ ಸಲಹೆ ಮೊದಲು ನೋಡೋಣ. ಅಂಬಾಸಡರ್ ಎಂಜಿನ್ ಮತ್ತು ಎಂಜಿಬಿ ಎಂಜಿನ್ ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಮನೆತನದವು, ದಾಯಾದಿಗಳು. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಕೂಡ ಒಂದೇ, 88.9 ಮಿ.ಮೀ. ಆದರೆ ಎಂಜಿಬಿಯ ಬೋರ್ (ಸಿಲಿಂಡರ್‌ನ ಒಳ ಅಗಲ) 80.26 ಮಿ.ಮೀ., ನಿಮ್ಮದು 73. ಎಂಜಿಬಿಯ ದೊಡ್ಡ ಇನ್‌ಲೆಟ್ 41.3 ಮಿ.ಮೀ., ಎಕ್ಸಾಸ್ಟ್ 34.1. ಎರಡನ್ನೂ ಕೂಡಿಸಿ ನೋಡಿ: 75.4. ನಿಮ್ಮ ಬೋರ್‌ಗಿಂತಲೇ ಜಾಸ್ತಿ ಆಯಿತಲ್ವಾ? ಜಾಗ ಇಲ್ಲದ ಕಡೆ ತುರುಕಿದರೆ ವಾಲ್ವ್‌ನ ಅಂಚು ಚೇಂಬರ್ (ಪೆಟ್ರೋಲ್ ಉರಿಯುವ ಜಾಗ) ಗೋಡೆಗೆ ಅಂಟಿಕೊಂಡ ಹಾಗೆ ನಿಲ್ಲುತ್ತದೆ. ಆ ಬದಿಯಿಂದ ಗಾಳಿ ನುಗ್ಗುವುದೇ ಇಲ್ಲ. ವಾಲ್ವ್ ದೊಡ್ಡದು, ಉಸಿರು ಮಾತ್ರ ಅಷ್ಟೇ.

ಇಡೀ ಎಂಜಿಬಿ ಹೆಡ್ಡನ್ನೇ ತಂದು ಕೂರಿಸುವವರೂ ಇದ್ದಾರೆ. ನಾನೇ ಒಮ್ಮೆ 1500 ಸಿ.ಸಿ. ಎಂಜಿನ್‌ನ ಬ್ಲಾಕ್ (ಸಿಲಿಂಡರ್‌ಗಳಿರುವ ಕೆಳಭಾಗ) ಮೇಲೆ ಕೂರಿಸಿದ್ದೆ. ಕೈಯಿಂದ ಕ್ರ್ಯಾಂಕ್ ತಿರುಗಿಸಿದಾಗ ಟಕ್ ಅಂತ ನಿಂತಿತು. ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ನ ಮೇಲಂಚಿಗೆ ಬಡಿಯುತ್ತಿತ್ತು. ಸೆಲ್ಫ್ ಹೊಡೆಯುವ ಮೊದಲು ಕೈಯಲ್ಲಿ ತಿರುಗಿಸುವ ಬುದ್ಧಿ ಇದ್ದದ್ದರಿಂದ ಬಚಾವಾದೆ. ಅದರ ಚೇಂಬರ್ ಕೂಡ ದೊಡ್ಡದು. ಹಾಗೇ ಹಾಕಿದರೆ ಕಂಪ್ರೆಷನ್ ಇಳಿಯುತ್ತದೆ.

ಹಾಗಾದರೆ ಎಷ್ಟು? ಹೀಗೆ ಸಿಲಿಂಡರ್‌ಗೆ ಎರಡು ವಾಲ್ವ್ ಇರುವ ಹಳೇ ಹೆಡ್‌ಗಳಲ್ಲಿ ಇನ್‌ಲೆಟ್ ವಾಲ್ವ್‌ನ ಅಳತೆ ಬೋರ್‌ನ ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚು, ಎಕ್ಸಾಸ್ಟ್ ಇನ್‌ಲೆಟ್‌ನ ಶೇ 85ರ ಆಸುಪಾಸು ಇರುತ್ತದೆ. ಸುಟ್ಟ ಗಾಳಿಯನ್ನು ಹೊರಗೆ ತಳ್ಳಲು ಒಳಗಿನ ಒತ್ತಡವೇ ಸಾಕು, ಹಾಗಾಗಿ ಎಕ್ಸಾಸ್ಟ್ ಚಿಕ್ಕದಿದ್ದರೂ ನಡೆಯುತ್ತದೆ. ಇದೇ ಬಿ-ಸೀರೀಸ್‌ನ 1489 ಸಿ.ಸಿ. ಎಂಜಿಎ 1500 ಕಾರಿನಲ್ಲಿ ಇನ್‌ಲೆಟ್ 38.1 ಮಿ.ಮೀ., ಎಕ್ಸಾಸ್ಟ್ 32.5 ಮಿ.ಮೀ. ಇತ್ತು. ಅದು ಸ್ಪೋರ್ಟ್ಸ್ ಕಾರು. ನಿಮಗೂ ಇನ್‌ಲೆಟ್ 38 ಮಿ.ಮೀ. ಮೀರುವುದು ಬೇಡ. ಈಗಿರುವ ವಾಲ್ವ್ ಅನ್ನು ವರ್ನಿಯರ್ ಹಿಡಿದು ಅಳೆಯಿರಿ. ನಲವತ್ತು ವರ್ಷದ ಗಾಡಿಯಲ್ಲಿ ಹಿಂದೆ ಯಾರು ಏನು ಹಾಕಿದ್ದಾರೋ! ಅದಕ್ಕಿಂತ 1ರಿಂದ 1.5 ಮಿ.ಮೀ. ದೊಡ್ಡದು ಸಿಕ್ಕರೆ ಸಾಕು. ಮತ್ತೆ ಮತ್ತೆ ಸೀಟ್ ಕಟಿಂಗ್ ಮಾಡಿಸಿ ವಾಲ್ವ್ ಒಳಗಿಳಿದಿದೆ. ದೊಡ್ಡ ವಾಲ್ವ್ ಹೊರ ಅಂಚಿನ ಹೊಸ ಲೋಹದ ಮೇಲೆ, ಮೊದಲಿನ ಎತ್ತರದಲ್ಲಿ ಕೂರುತ್ತದೆ. ಪ್ರಯೋಜನ ಅದೇ.

ಪಿಕಪ್ ವಿಷಯ ಬೇಕಾದರೆ ಲೆಕ್ಕ ಹಾಕಿ. ನಿಮ್ಮ ಎಂಜಿನ್‌ನ ಪೂರ್ತಿ ಶಕ್ತಿ ಬರುವುದು 4200 ಆರ್‌ಪಿಎಂನಲ್ಲಿ. ಆಗ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 12.4 ಮೀಟರ್. ವಾಲ್ವ್ 35 ಮಿ.ಮೀ. ಅಂದುಕೊಂಡರೆ ಅಲ್ಲಿ ಗಾಳಿಯ ವೇಗ ಸುಮಾರು 54 ಮೀಟರ್, 38 ಮಿ.ಮೀ. ಆದರೆ 46. ವೇಗ 75 ಮೀಟರ್ ದಾಟಿದ ಮೇಲೆ ಉಸಿರು ಕಟ್ಟಲು ಶುರು ಎಂಬುದು ವರ್ಕ್‌ಶಾಪಿನ ಹಳೇ ಲೆಕ್ಕ. 35 ಮಿ.ಮೀ. ವಾಲ್ವ್‌ನಲ್ಲಿ ಆ ಹಂತ ಬರುವುದು 6000 ಆರ್‌ಪಿಎಂ ಹತ್ತಿರ. ಅಂಬಾಸಡರನ್ನು ಅಲ್ಲಿಯವರೆಗೆ ಎಳೆಯುವ ಪುಣ್ಯಾತ್ಮ ಯಾರು? ಶಿರಾಡಿ ಘಾಟಿಯನ್ನು ನೀವು ಹತ್ತುವುದು 2000–2500ರಲ್ಲಿ. ಅಲ್ಲಿ ಗಾಳಿ ನಿಧಾನವಾದಷ್ಟೂ ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ. ಜತೆಗೆ ಈ ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಇನ್‌ಲೆಟ್ ಪೋರ್ಟ್ (ಗಾಳಿ ಒಳಬರುವ ದಾರಿ) ಇರುವುದು ಎರಡೇ, ಕಾರ್ಬುರೇಟರ್ ಒಂದೇ. ಬಾಗಿಲು ಅಗಲ ಮಾಡಿ ಓಣಿ ಕಿರಿದೇ ಬಿಟ್ಟರೆ ಏನು ಬಂತು?

ಎಕ್ಸಾಸ್ಟ್ ಕಡೆಗೆ ಹೆಚ್ಚು ಗಮನ ಕೊಡಿ. ಹಿಂದೆ ಪೆಟ್ರೋಲ್‌ನಲ್ಲಿದ್ದ ಸೀಸ ಸೀಟ್ ಮೇಲೆ ತೆಳ್ಳಗೆ ಕೂತು ಮೆತ್ತೆಯ ಹಾಗೆ ಕಾಪಾಡುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹೆಡ್‌ನ ಬೀಡು ಕಬ್ಬಿಣದಲ್ಲೇ ಕೊರೆದ ಹಳೇ ಸೀಟ್ ಈಗ ನೇರ ಪೆಟ್ಟು ತಿನ್ನುತ್ತದೆ. ಆದ್ದರಿಂದ ಎಕ್ಸಾಸ್ಟ್‌ಗೆ ಗಟ್ಟಿ ಲೋಹದ ಸೀಟ್ ರಿಂಗ್ ಹಾಕಿಸಿ, ವಾಲ್ವ್ ಅದೇ ಅಳತೆಯದು. ರಿಂಗ್‌ಗೆ ಕೊರೆಯುವಾಗ ಆಳ ಹೆಚ್ಚಾದರೆ ನೀರಿನ ಜಾಕೆಟ್ (ಹೆಡ್ ತಂಪು ಮಾಡುವ ನೀರು ಹರಿಯುವ ಜಾಗ) ತೂತಾಗುತ್ತದೆ. ಇನ್‌ಲೆಟ್ ತೀರಾ ದೊಡ್ಡದಾದರೆ ಎರಡರ ನಡುವಿನ ಲೋಹ ತೆಳುವಾಗಿ ರಿಂಗ್ ಸಡಿಲವಾಗುತ್ತದೆ. 38 ದಾಟಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಸೀಟ್‌ನ ಅಗಲ ಇನ್‌ಲೆಟ್‌ಗೆ 1.25, ಎಕ್ಸಾಸ್ಟ್‌ಗೆ 1.75 ಮಿ.ಮೀ. ಹತ್ತಿರ ಇರಲಿ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಿಡುವುದು ಹೆಚ್ಚಾಗಿ ಸೀಟ್ ಮೂಲಕ, ಅದು ಕಿರಿದಾದರೆ ವಾಲ್ವ್ ಸುಡುತ್ತದೆ. ಇನ್‌ಲೆಟ್ ಸೀಟ್‌ನ ಕೆಳಗಿನ ತೂತನ್ನೂ ಹೊಸ ವಾಲ್ವ್‌ನ ಶೇ 88ರಷ್ಟಕ್ಕೆ ಹಿಗ್ಗಿಸಬೇಕು. ಬಹಳ ಅಂಗಡಿಗಳಲ್ಲಿ ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ, ಕೇಳಿ ಮಾಡಿಸಿ. ಗೈಡ್ (ವಾಲ್ವ್‌ನ ಕಡ್ಡಿ ಓಡಾಡುವ ಕೊಳವೆ) ಸವೆದಿದ್ದರೆ ಸೀಟ್ ಕಟಿಂಗ್‌ಗೆ ಮೊದಲೇ ಬದಲಾಗಬೇಕು. ಕಟರ್ ನಿಲ್ಲುವುದೇ ಗೈಡ್‌ನ ಆಧಾರದ ಮೇಲೆ.

ಇನ್ನು ವಾಲ್ವ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಬಸ್ ಹತ್ತುವ ಮೊದಲು ಹೆಡ್ಡನ್ನು ಕ್ರ್ಯಾಕ್ ಟೆಸ್ಟ್‌ಗೆ ಕೊಡಿ. ಈ ಎಂಜಿನ್‌ನಲ್ಲಿ 2 ಮತ್ತು 3ನೇ ಸಿಲಿಂಡರ್‌ನ ಎಕ್ಸಾಸ್ಟ್‌ಗಳು ಒಂದೇ ಪೋರ್ಟ್‌ಗೆ ಸೇರುತ್ತವೆ. ಆ ಜಾಗ ಬೇಗ ಕಾದು ಬಿರುಕು ಬಿಡುತ್ತದೆ. ಅಲ್ಲಿ ಬಿರುಕು ಕಂಡರೆ ವಾಲ್ವ್ ಅಳತೆಯ ಮಾತು ಬಿಟ್ಟು ಬೇರೆ ಹೆಡ್ ಹುಡುಕಿ.