ಅಮ್ಮನನ್ನು ಗುರಾಣಿ ಮಾಡಿಕೊಳ್ಳಬೇಡಿ

ಪ್ರಿಯ ಬರಹಗಾರರೇ,

ನಿಮ್ಮ ‘ಮನೆ ಗೆದ್ದು ಮಾರು ಗೆಲ್ಲು’ ಪ್ರಬಂಧ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಭಾಷೆ ಸೊಗಸಾಗಿದೆ, ನನ್ನ ತಕರಾರೆಲ್ಲ ವಾದದ ಬಗ್ಗೆ.

ದೂರದ ಬಡವರಿಗಾಗಿ ಹೆತ್ತವರನ್ನೇ ಕಡೆಗಣಿಸಿ ಎನ್ನುವವರ ಮೇಲೆ ಆರು ಪುಟ ಹರಿಹಾಯ್ದಿದ್ದೀರಿ. ಹಾಗೆಂದವರು ಯಾರು? ತತ್ವಜ್ಞಾನಿ ಪೀಟರ್ ಸಿಂಗರ್ ಎನ್ನುತ್ತೀರಿ. ಉರಿಯುವ ಮನೆಯಿಂದ ಒಬ್ಬರನ್ನಷ್ಟೇ ಉಳಿಸಬಹುದಾದರೆ, ಅಲ್ಲಿರುವ ಸೇವಕಿ ಸ್ವಂತ ತಾಯಿಯೇ ಆಗಿದ್ದರೂ ಆಕೆಯನ್ನು ಬಿಟ್ಟು, ಲೋಕಕ್ಕೆ ಹೆಚ್ಚು ಉಪಯೋಗವಾಗುವ ಆರ್ಚ್‌ಬಿಷಪ್ಪರನ್ನು ಉಳಿಸಬೇಕು ಎಂದದ್ದು ಇಂಗ್ಲಿಷ್ ಚಿಂತಕ ವಿಲಿಯಂ ಗಾಡ್ವಿನ್, 1793ರಲ್ಲಿ. (ಈ ಅದಲುಬದಲು ನಮಗೆ ಬರುವ ಲೇಖನಗಳಲ್ಲಿ ಮಾಮೂಲು.) ದೂರದ ಬಡವರಿಗೆ ನೆರವಾಗುವ ಕರ್ತವ್ಯದ ಬಗ್ಗೆ ಸಿಂಗರ್ ಬರೆದದ್ದು ಪೂರ್ವ ಬಂಗಾಳದ ಜನ ಅನ್ನ, ಸೂರು, ಔಷಧಿಯಿಲ್ಲದೆ ಸಾಯುತ್ತಿದ್ದ 1971ರಲ್ಲಿ, ಅಚ್ಚಾದದ್ದು ಮರುವರ್ಷ. ತಮ್ಮ ಸೂತ್ರವನ್ನು ಅವರು ಎರಡು ಬಗೆಯಲ್ಲಿ ಹೇಳಿದ್ದಾರೆ, ನೀವು ಬಿರುಸಾದದ್ದನ್ನಷ್ಟೇ ಎತ್ತಿಕೊಂಡಿದ್ದೀರಿ. ಸೌಮ್ಯವಾದದ್ದು ಕೇಳುವುದು ಇಷ್ಟು: ನೈತಿಕವಾಗಿ ಬೆಲೆಯುಳ್ಳ ಯಾವುದನ್ನೂ ಕಳೆದುಕೊಳ್ಳದೆ ತೀರಾ ಕೆಟ್ಟದ್ದೊಂದನ್ನು ತಡೆಯಲಾದರೆ ತಡೆಯಿರಿ. ಅಮ್ಮನ ಔಷಧಿಗೆ ಆ ಬೆಲೆಯಿದೆ, ಅದರ ತಂಟೆಗೆ ಈ ಸೂತ್ರ ಬರುವುದೇ ಇಲ್ಲ. ಬರುವುದು ಇನ್ನೂ ಕೆಡದ ಫೋನಿನ ಜಾಗಕ್ಕೆ ಕೊಂಡ ಹೊಸ ಫೋನಿನ ತಂಟೆಗೆ. ನಿಮ್ಮ ಪ್ರಬಂಧದಲ್ಲಿ ಪುಟಪುಟಕ್ಕೂ ಅಮ್ಮ ಬರುತ್ತಾರೆ, ಫೋನಿನ ಸುದ್ದಿಯೇ ಇಲ್ಲ.

ಇನ್ನೊಬ್ಬ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಅವರನ್ನು ಕರೆತಂದದ್ದು ಸರಿಯೇ. ಪ್ರಾಣಾಪಾಯದಲ್ಲಿರುವ ಹೆಂಡತಿಯನ್ನು ಉಳಿಸುವ ಮುನ್ನ ‘ಇದಕ್ಕೆ ನೀತಿಯ ಒಪ್ಪಿಗೆ ಇದೆಯೇ’ ಎಂದು ನೋಡುವವನು ಬೇಡದ ಯೋಚನೆಯೊಂದನ್ನು ಮಾಡಿದ್ದಾನೆ ಎಂಬ ಅವರ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಪ್ರಾಣ ಉಳಿಸಲು ಧಾವಿಸುವ ಗಳಿಗೆಯ ಮಾತು. ವರ್ಷದ ಖರ್ಚುವೆಚ್ಚ ಬರೆಯಲು ಕೂತವನಿಗೆ ಯೋಚಿಸಲು ಬೇಕಾದಷ್ಟು ಹೊತ್ತಿರುತ್ತದೆ.

ಐದನೇ ಪುಟದಲ್ಲಿ, ಆವರಣದೊಳಗೆ, ಒಂದು ಸಾಲಿದೆ. ಮಗಳ ಕಾಲೇಜು ಶುಲ್ಕ ಕಟ್ಟುವಾಗ, ಸೊಳ್ಳೆ ಪರದೆ ಹಂಚುವ ಸಂಸ್ಥೆಗೆ ತಿಂಗಳು ತಿಂಗಳು ಹೋಗುತ್ತಿದ್ದ ಹಣ ನಿಲ್ಲಿಸಿದಿರಂತೆ. ಶುಲ್ಕ ತೀರಿದ ಮೇಲೂ ಅದು ಮತ್ತೆ ಶುರುವಾಗಲಿಲ್ಲವಂತೆ. ನಿಮ್ಮ ಲೇಖನ ಇರುವುದು ಅಲ್ಲಿ! ಮಲೇರಿಯಾಕ್ಕೆ ಬಲಿಯಾಗುವವರಲ್ಲಿ ಹೆಚ್ಚಿನವರು ಆಫ್ರಿಕಾದ ಐದು ವರ್ಷದೊಳಗಿನ ಮಕ್ಕಳು. ಆ ಪರದೆಯಡಿ ಮಲಗುವುದು ಅಂಥವೇ. ನಿಲ್ಲಿಸಿದ್ದು ಮಗಳಿಗಾಗಿ, ಒಪ್ಪೋಣ. ಮತ್ತೆ ಶುರುಮಾಡದೆ ಹೋದದ್ದು ಯಾರಿಗಾಗಿ? ನಿಷ್ಠೆಗೂ ಕರ್ತವ್ಯಕ್ಕೂ ನಿಜವಾಗಿ ಜಟಾಪಟಿ ನಡೆದದ್ದು ಮೊದಲ ತಿಂಗಳುಗಳಲ್ಲಿ. ಆಮೇಲಿನದು ಬರೀ ಅಭ್ಯಾಸ, ಮಗಳ ಹೆಸರಿನಲ್ಲಿ. ಇವೆರಡನ್ನೂ ಬಿಡಿಸಿ ಬರೆಯಿರಿ.

ಮೊದಲ ನಾಲ್ಕು ಪುಟ ಕೈಬಿಡಿ. ಗಾಡ್ವಿನ್ ಬೇಕಿದ್ದರೆ ಉಳಿಯಲಿ, ಅವರದೇ ಹೆಸರಿನಲ್ಲಿ. ಗಾದೆಯ ಶೀರ್ಷಿಕೆ ಬೇಡ, ತೀರ್ಪನ್ನು ಮೊದಲೇ ಹೇಳಿಬಿಡುತ್ತದೆ. ಸಾವಿರ ಪದದೊಳಗೆ ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ